ಸಾಲಿನ ಕೊನೆಯ ಸೈಕಲ್ಲು

ಅವರ ಕತ್ತು ಯಾವಾಗಲೂ ಬಲಕ್ಕೆ ಒಂದಿಷ್ಟು ತಿರುಗಿಯೇ ಇರುತ್ತಿತ್ತು. ಪ್ರಾರ್ಥನೆಗೆ ನಿಂತಾಗ, ಊಟಕ್ಕೆ ಕೂತಾಗ, ಬಾವುಟಕ್ಕೆ ಸೆಲ್ಯೂಟ್ ಹೊಡೆಯುವಾಗ ಕೂಡ. ಗದ್ದ ಬಲಭುಜದ ಕಡೆಗೆ ವಾಲಿ, ಹಿಂದಿನಿಂದ ಯಾರೋ ಕೂಗಿದ್ದಾರೆ, ಇನ್ನೇನು ಓಗೊಡಬೇಕು ಎನ್ನುವ ಹಾಗೆ. ನಮ್ಮ ಊರಿನವರು ಅವರನ್ನು ಓರೆ ಕತ್ತಿನ ಮೇಷ್ಟ್ರು ಎನ್ನುತ್ತಿದ್ದರು. ದಿಂಬು ಸರಿಯಿಲ್ಲದೆ ಮಲಗಿ ಹಾಗಾಗಿದೆ ಎಂದು ನಮ್ಮಜ್ಜಿ ತಾನೇ ತೀರ್ಮಾನ ಮಾಡಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಳ್ಳುವಂತೆ ನನ್ನ ಕೈಲಿ ಹೇಳಿಕಳಿಸಿದ್ದಳು. ಆ ಕತ್ತು ಹಾಗಾದದ್ದು ನಮ್ಮಿಂದ ಎನ್ನುವುದು ಅವಳಿಗಿರಲಿ, ನಮಗೂ ಆಗ ತಿಳಿದಿರಲಿಲ್ಲ.

ಅವರು ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಪಾವಗಡದ ಕಡೆಯವರು. ಕನ್ನಡದಲ್ಲಿ ಮಾತಾಡುತ್ತಿದ್ದವರು ಗಾಬರಿಯಾದರೆ ತೆಲುಗಿಗೆ ಜಾರುತ್ತಿದ್ದರು, ಖುಷಿಯಾದರೂ ಜಾರುತ್ತಿದ್ದರು. ಶಾಲೆಯಿದ್ದದ್ದು ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ಟಾರು ರಸ್ತೆಯ ಮೇಲೆ. ಚನ್ನರಾಯನದುರ್ಗದ ಬೆಟ್ಟ ನೆತ್ತಿಯ ಮೇಲೆ ಕಾಣುವ ನಮ್ಮ ಹಳ್ಳಿಗಳಿಂದ ಅಲ್ಲಿಗೆ ಬರುವ ಬಸ್ಸು ಎಷ್ಟೊತ್ತಿಗೆ ಬರುತ್ತದೆಂದು ಅದರ ಡ್ರೈವರಿಗೇ ಗೊತ್ತಿರುತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಸರ್ಕಾರದ ಸೈಕಲ್ಲು ಬಂದಾಗ ನಾವು ಹುಡುಗಿಯರು ಕುಣಿದಾಡಿದೆವು. ಮನೆಯವರು ಮಾತ್ರ ಸೈಕಲ್ಲನ್ನು ಜಗುಲಿಗೆ ಒರಗಿಸಿ ಸುಮ್ಮನಾದರು. ಆ ರಸ್ತೆಯಲ್ಲಿ ಜಲ್ಲಿ ಲಾರಿಗಳು, ಒಂದನ್ನೊಂದು ಹಿಂದಿಕ್ಕುವ ಬಸ್ಸುಗಳು, ಶುಕ್ರವಾರ ಬಂತೆಂದರೆ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೋಗಿಬರುವ ಕಾರುಗಳು. ಕೆಲವೇ ದಿನದಲ್ಲಿ ನಮ್ಮ ಸೈಕಲ್ಲಿನ ಮೇಲೆ ಅಣ್ಣಂದಿರು ಹುಲ್ಲಿನ ಹೊರೆ ತರತೊಡಗಿದರು.

ಮೇಷ್ಟ್ರು ಒಂದು ಸಂಜೆ ಮನೆಮನೆಗೆ ಬಂದರು. ಸರ್ಕಾರ ಸೈಕಲ್ ಕೊಟ್ಟೈತೆ, ರೋಡು ಮಾತ್ರ ಲಾರಿಯವ್ರಿಗೇ ಬುಟ್ಟೈತೆ ಎಂದು ನಗುತ್ತಲೇ ಮಾತು ತೆಗೆದು, ಬೆಳಿಗ್ಗೆ ತಾವೇ ಬಂದು ಕರೆದುಕೊಂಡು ಹೋಗುವುದಾಗಿಯೂ ಸಂಜೆ ತಾವೇ ತಂದು ಬಿಡುವುದಾಗಿಯೂ ಹೇಳಿದರು. ಒಬ್ಬ ಹುಡುಗಿಗೆ ಒಂದು ತರಚು ಗಾಯವಾದರೂ ನಾಳೆಯಿಂದ ಎಲ್ಲರ ಓದೂ ನಿಲ್ಲುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಅದನ್ನು ನಮಗೂ ಬಿಡಿಸಿ ಹೇಳಿದ್ದರು. ಅದಕ್ಕೇ ಇರಬೇಕು, ಆ ರಸ್ತೆಯಲ್ಲಿ ನಾವು ಪರೀಕ್ಷೆಗಿಂತ ಹೆಚ್ಚು ಭಯಭಕ್ತಿಯಿಂದ ಸೈಕಲ್ ತುಳಿಯುತ್ತಿದ್ದೆವು.

ನಾವು ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು, ಅವರು ಸಾಲಿನ ಕೊನೆಯಲ್ಲಿ. ಒಂದು ಸಲ ಬೆಲ್ಲು ಹೊಡೆದರೆ ಹಿಂದೆ ಗಾಡಿ ಬರುತ್ತಿದೆ, ನೆಟ್ಟಗೆ ಹೋಗಿ ಎಂದರ್ಥ. ಎರಡು ಸಲ ಹೊಡೆದರೆ ಟಾರು ಬಿಟ್ಟು ಮಣ್ಣಿಗೆ ಇಳಿಯಬೇಕು. ಕ್ಷಣಕ್ಕೊಮ್ಮೆ ಬಲಕ್ಕೆ ಕತ್ತು ತಿರುಗಿಸಿ ಹಿಂದೆ ನೋಡುವುದು, ಮತ್ತೆ ನಮ್ಮನ್ನು ನೋಡುವುದು. ದಾರಿಯುದ್ದಕ್ಕೂ ಅವರ ಕೆಲಸ ಅದೇ. ಯಾರೋ ಹೇಳಿದರೆಂದು ಒಮ್ಮೆ ಹ್ಯಾಂಡಲಿಗೆ ಸ್ಕೂಟರಿನ ಕನ್ನಡಿ ಹಾಕಿಸಿಕೊಂಡಿದ್ದರು, ವಾರ ಕಳೆಯುವ ಮೊದಲೇ ಕಿತ್ತು ಹಾಕಿದರು. ಕನ್ನಡಿಯಲ್ಲಿ ಗಾಡಿ ಕಾಣುತ್ತದೆ, ಓಡಿಸುವವನ ಗ್ಯಾನ ಎಲ್ಲಿದೆ ಅಂತ ಕಾಣುವುದಿಲ್ಲ ಎನ್ನುವುದು ಅವರ ತಕರಾರು.

ಯಾರಾದರೂ ಹೆದರಿ ಸೈಕಲ್ಲು ಓಲಾಡಿಸಿದರೆ ಹಿಂದಿನಿಂದ ಅವರ ದನಿ ಕೇಳುತ್ತಿತ್ತು. "ವೆನಕ ನೇನುನ್ನಾ, ಪದಮ್ಮಾ." ನಮ್ಮ ಕಡೆ ತೆಲುಗು ಬರುವವರು ಕಡಿಮೆ. ನಮ್ಮ ಸಾಲಿನಲ್ಲಿ ಪದ್ಮ ಎಂಬ ಹುಡುಗಿಯೊಬ್ಬಳಿದ್ದಳು. ಮೊದಲ ದಿನ ಮೇಷ್ಟ್ರು ತನ್ನನ್ನೇ ಕೂಗಿದರೆಂದುಕೊಂಡು ಅವಳು ಗಕ್ಕನೆ ಬ್ರೇಕು ಹಿಡಿದಳು, ಅವಳ ಹಿಂದಿದ್ದ ನಾನು ಅವಳಿಗೆ ಗುದ್ದಿದೆ, ನನಗೆ ಇನ್ನೊಬ್ಬಳು. ಇಡೀ ಸಾಲು ಹುಣಸೆ ಮರದ ಬುಡದಲ್ಲಿ ರಾಶಿ ಬಿತ್ತು. ಮೇಷ್ಟ್ರು ಓಡಿಬಂದು ಒಬ್ಬೊಬ್ಬರನ್ನೇ ಎತ್ತಿ, ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ, ಹಿಂದೆ ನಾನಿದ್ದೀನಿ, ನಡಿಯಮ್ಮ ಅಂತ ಅದರ ಅರ್ಥ ಎಂದು ಬಿಡಿಸಿ ಹೇಳಿ, ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆವತ್ತಿನಿಂದ ನಾವೆಲ್ಲರೂ ಒಬ್ಬರಿಗೊಬ್ಬರು ಪದಮ್ಮಂದಿರೇ ಆದೆವು.

ರಸ್ತೆ ದಾಟುವುದಕ್ಕೆ ಅವರದೇ ಒಂದು ಪಾಠವಿತ್ತು. ಗಾಡಿ ನೋಡಬೇಡ, ಡ್ರೈವರನ ಕಣ್ಣು ನೋಡು, ಅವನ ಕಣ್ಣು ಸಿಗುವವರೆಗೆ ಕಾಲು ಎತ್ತಬೇಡ ಎನ್ನುತ್ತಿದ್ದರು. ದಾಟಿ ಆಚೆ ಬದಿಗೆ ಹೋದ ಮೇಲೆ ಒಬ್ಬೊಬ್ಬರನ್ನೂ ಕಣ್ಣು ಸಿಕ್ಕಿತಾ ಎಂದು ಕೇಳುತ್ತಿದ್ದರು. ನಾನು ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ನಮ್ಮ ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಶಾಲೆಗೇ ಬಂದುಬಿಟ್ಟರು. ಹೆಣ್ಣುಮಕ್ಕಳಿಗೆ ತಲೆ ತಗ್ಗಿಸಿ ನಡೆಯುವುದನ್ನು ಕಲಿಸಬೇಕಾದ ಮೇಷ್ಟ್ರು, ಕಂಡ ಕಂಡ ಲಾರಿ ಡ್ರೈವರುಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದು ಹೇಳಿಕೊಡುತ್ತಿದ್ದಾರಲ್ಲ ಎಂದು ಹೆಡ್ ಮೇಷ್ಟ್ರ ಮುಂದೆ ಕೂಗಾಡಿದರು. ನಾನು ಬಾಗಿಲ ಮರೆಯಲ್ಲಿ ನಿಂತು, ನಾಳೆಯಿಂದ ಸೈಕಲ್ಲಿಗೆ ಮತ್ತೆ ಹುಲ್ಲಿನ ಹೊರೆಯೇ ಗತಿ ಎಂದುಕೊಂಡು ಅಳುತ್ತಿದ್ದೆ.

ಡ್ರಿಲ್ ಮೇಷ್ಟ್ರು ದೊಡ್ಡಪ್ಪನಿಗೆ ಕುರ್ಚಿ ಎಳೆದು ಕೊಟ್ಟು, ಎದುರಿಗೆ ನಿಂತೇ ಹೇಳಿದರು.

"ಅಣ್ಣಾ, ತಲೆ ಬಗ್ಗಿಸ್ಕಂಡು ದಾಟೋ ಮಗೀನ ಡ್ರೈವರು ಮರ ಅಂದ್ಕಂತಾನೆ, ಮೈಲಿಗಲ್ಲು ಅಂದ್ಕಂತಾನೆ. ಕಣ್ಣು ಸಿಕ್ರೆ ಇದು ಯಾರದೋ ಮನೆ ಮಗು ಅಂತ ಗೊತ್ತಾಗ್ತದೆ. ಆಗ ಕಾಲು ತಾನಾಗೇ ಬ್ರೇಕಿಗೆ ಹೋಗ್ತದೆ."

ದೊಡ್ಡಪ್ಪ ಗೊಣಗಿಕೊಂಡೇ ಎದ್ದು ಹೋದರು, ಆದರೆ ಸೈಕಲ್ಲು ಕಿತ್ತುಕೊಳ್ಳಲಿಲ್ಲ. ಮುಂದೊಂದು ದಿನ ಕೊರಟಗೆರೆ ಸಂತೆಯಲ್ಲಿ ಅವರು ರಸ್ತೆ ದಾಟುವಾಗ ಬಸ್ ಡ್ರೈವರನನ್ನು ಎಷ್ಟು ದುರುಗುಟ್ಟಿ ನೋಡಿದರೆಂದರೆ, ಅವನು ಬಸ್ಸು ನಿಲ್ಲಿಸಿ, ನನ್ನಿಂದ ಏನು ತಪ್ಪಾಯ್ತು ಯಜಮಾನರೇ ಎಂದು ಕೇಳಿದ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರ ಮುಖದ ಮೇಲೆ ಬಂದ ನಗುವನ್ನು ನಾನು ಮರೆತಿಲ್ಲ.

ಆದರೆ ಅವರನ್ನು ನೆನೆದಾಗೆಲ್ಲ ಮೊದಲು ಕಣ್ಣಮುಂದೆ ಬರುವುದು ಒಂದು ಶುಕ್ರವಾರದ ಸಂಜೆ. ಮನೆಗೆ ಮರಳುತ್ತಿದ್ದೆವು. ಹಿಂದಿನಿಂದ ಎರಡು ಬೆಲ್ಲು, ಅದರ ಬೆನ್ನಿಗೇ "ಚೂಡು, ಚೂಡು", ನೋಡು ನೋಡು ಎಂಬ ತೆಲುಗಿನ ಕೂಗು. ನಾವು ಮಣ್ಣಿಗೆ ಇಳಿಯುವುದಕ್ಕೂ ಒಂದು ಕಾರು ಪದ್ಮಳ ದುಪಟ್ಟಾ ಸವರಿಕೊಂಡು ಹೋಗುವುದಕ್ಕೂ ಸರಿಹೋಯಿತು. ಓಡಿಸುತ್ತಿದ್ದವನು ಮುಂದೆ ನೋಡುತ್ತಲೇ ಇರಲಿಲ್ಲ. ಪೂರಾ ಹಿಂದಕ್ಕೆ ತಿರುಗಿ ಹಿಂದಿನ ಸೀಟಿನ ಮಗುವಿಗೆ ಏನೋ ತಿನ್ನಿಸುತ್ತಿದ್ದ. ನಾವು ಮುಂದೆ ಹೋದರೆ, ಅದೇ ಕಾರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿತ್ತು.

ಮೇಷ್ಟ್ರು ನಮ್ಮನ್ನೆಲ್ಲ ಇಳಿಸಿ ಅವನ ಮುಂದೆ ಸಾಲಾಗಿ ನಿಲ್ಲಿಸಿದರು. ಹೊಡೆದಾಟವಾಗುತ್ತದೆಂದು ನಾವು ಹೆದರಿದ್ದೆವು. ಅವರು ದನಿ ಎತ್ತಲೇ ಇಲ್ಲ.

"ಸ್ವಾಮಿ, ಈ ಮಕ್ಕಳ ಮುಖ ಒಂದ್ಸಲ ನೋಡ್ಬುಡಿ, ಸಾಕು."

ಏನೂ ಆಗಲಿಲ್ಲವಲ್ಲ ಮೇಷ್ಟ್ರೇ, ಮಗು ಹಟ ಮಾಡುತ್ತಿತ್ತು, ಪ್ರಸಾದ ಕೊಡುತ್ತಿದ್ದೆ ಎಂದು ಅವನು ನಕ್ಕ. ಮೇಷ್ಟ್ರು ನಮ್ಮ ಕಡೆ ತಿರುಗಿ, ಹೆಸರು ಹೇಳ್ರಮ್ಮಾ ಎಂದರು. ನಾವು ಹಾಜರಿ ಕೂಗಿದಾಗಿನಂತೆ ಒಬ್ಬೊಬ್ಬರೇ ಹೆಸರು, ಅಪ್ಪನ ಹೆಸರು, ಊರು ಹೇಳುತ್ತಾ ಹೋದೆವು. ಪದ್ಮಳ ಸರದಿ ಬರುವ ಹೊತ್ತಿಗೆ ಅವನು ಲೋಟ ಕೆಳಗಿಟ್ಟಿದ್ದ. ಕಾರಿನಲ್ಲಿದ್ದ ಅವನ ಹೆಂಡತಿ ಕೆಳಗಿಳಿದು ನಮ್ಮೆಲ್ಲರಿಗೂ ಪ್ರಸಾದದ ಬಾಳೆಹಣ್ಣು ಹಂಚಿದಳು, ಅವಳ ಕಣ್ಣು ಒದ್ದೆಯಾಗಿತ್ತು. ನಾವು ಹಣ್ಣು ತಿಂದು ಆಗಲೇ ಎಲ್ಲ ಮರೆತು ಹರಟತೊಡಗಿದೆವು. ಮೇಷ್ಟ್ರು ತಿನ್ನಲಿಲ್ಲ. ಹಣ್ಣನ್ನು ಜೇಬಿಗೆ ಹಾಕಿಕೊಂಡು ಮತ್ತೊಮ್ಮೆ ನಮ್ಮ ತಲೆ ಎಣಿಸಿದರು.

ನಮ್ಮ ಊರೇ ಎಲ್ಲರಿಗಿಂತ ದೂರ, ಅದಕ್ಕೆ ಕೊನೆಗೆ ಉಳಿಯುವವಳು ನಾನೇ. ನನ್ನನ್ನು ಬಿಟ್ಟು ಅವರು ತಮ್ಮ ಮನೆಯಿದ್ದ ಕೊರಟಗೆರೆಗೆ ಒಬ್ಬರೇ ಹಿಂದಿರುಗಬೇಕಿತ್ತು. ಆವತ್ತು ನಮ್ಮೂರ ತಿರುವಿನಲ್ಲಿ ಇಳಿದು ಕೇಳಿದೆ, ನಮ್ಮ ಹಿಂದೆ ನೀವಿರುತ್ತೀರಿ, ನಿಮ್ಮ ಹಿಂದೆ ಯಾರಿರುತ್ತಾರೆ ಸಾರ್ ಎಂದು. ಅವರು ಪೆಡಲಿನ ಮೇಲೆ ಕಾಲಿಟ್ಟು ಬಂದ ದಾರಿಯ ಕಡೆ ನೋಡಿದರು.

"ಹಿಂದೆ ಬರೋನ ಕಣ್ಣು ನಮಗೆ ಸಿಗಲ್ಲ ಕಣಮ್ಮ. ಅವ್ನು ಒಳ್ಳೇವ್ನು ಅಂದ್ಕಂಡು ತುಳೀತೀನಿ, ಅಷ್ಟೇ."

ಕತ್ತು ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತಾ ಹೋದರು. ಅವರು ಮರೆಯಾಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಆ ಸಾಲಿನಲ್ಲಿದ್ದ ಯಾರ ಓದೂ ನಿಲ್ಲಲಿಲ್ಲ. ಪದ್ಮ ಮಧುಗಿರಿಯಲ್ಲಿ ಟೀಚರ್ ಆದಳು. ನಾನು ನರ್ಸಿಂಗ್ ಓದಿ ಈಗ ಸಿರಾ ತಾಲ್ಲೂಕಿನ ಹೆದ್ದಾರಿ ಪಕ್ಕದ ಒಂದು ಆಸ್ಪತ್ರೆಯಲ್ಲಿದ್ದೇನೆ. ಸೈಕಲ್ಲಿನಲ್ಲಿ ಹೋಗುತ್ತಿದ್ದವರನ್ನು, ಹಾಲಿನ ಕ್ಯಾನು ಕಟ್ಟಿಕೊಂಡವರನ್ನು, ಗಾರೆ ಕೆಲಸಕ್ಕೆ ಹೊರಟವರನ್ನು ಹೊತ್ತು ತರುತ್ತಾರೆ. ಜೊತೆಗೆ ಬಂದ ಡ್ರೈವರು ಗೋಡೆಗೆ ಒರಗಿ ನಿಂತು ಹೇಳುವುದು ಒಂದೇ ಮಾತು, ಕಾಣಲಿಲ್ಲ ಸಿಸ್ಟರ್ ಎಂದು. ಮಟಮಟ ಮಧ್ಯಾಹ್ನ, ನೇರ ರಸ್ತೆ, ಆದರೂ ಕಾಣಲಿಲ್ಲ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಣಲಿಲ್ಲ ಅನ್ನಬೇಡ, ನೋಡಲಿಲ್ಲ ಅನ್ನು ಎಂದು ಒಂದಿಬ್ಬರಿಗೆ ಬಾಯಿಬಿಟ್ಟೇ ಹೇಳಿ ಡಾಕ್ಟರರಿಂದ ಬೈಸಿಕೊಂಡಿದ್ದೇನೆ.

ನಮ್ಮ ಹಿಂದೆಯೂ ವರ್ಷ ವರ್ಷ ಎಂಟನೇ ಕ್ಲಾಸಿನವರು ಬರುತ್ತಲೇ ಇದ್ದರು, ಮೇಷ್ಟ್ರು ಸಾಲಿನ ಕೊನೆಯಲ್ಲಿ ಹೋಗುತ್ತಲೇ ಇದ್ದರು. ನಿವೃತ್ತರಾದ ಮೇಲೆ ಮಧುಗಿರಿಯಲ್ಲಿ ಮನೆ ಮಾಡಿದರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲಿಯ ಬಸ್ ಸ್ಟ್ಯಾಂಡಿನ ಎದುರು. ಅದೇ ಹಳೇ ಸೈಕಲ್ಲು, ಆದರೆ ಕತ್ತಿಗೆ ದಪ್ಪನೆಯ ಪಟ್ಟಿ. ವರ್ಷಗಟ್ಟಲೆ ಒಂದೇ ಕಡೆ ತಿರುಗಿಸಿ ತಿರುಗಿಸಿ ಕತ್ತಿನ ಮೂಳೆ ಸವೆದಿದೆಯಂತೆ, ಇನ್ನು ತಿರುಗಿಸಲೇ ಕೂಡದು ಎಂದು ಡಾಕ್ಟರು ಹೇಳಿದ್ದರಂತೆ. ಸೈಕಲ್ಲೂ ಬಿಡಿ ಎಂದಿದ್ದರು, ಆ ಮಾತನ್ನು ಮಾತ್ರ ಇವರು ಕೇಳಿರಲಿಲ್ಲ. ನಿಮ್ಮೂರೋರು ಓರೆ ಕತ್ತು ಅಂತಿದ್ರಲ್ಲ, ಈಗ ಹೆಂಗೆ ನೆಟ್ಟಗಾಗಿದ್ದೀನಿ ನೋಡು ಎಂದು ನನ್ನನ್ನೇ ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಅಜ್ಜಿಯ ಉಪ್ಪಿನ ಶಾಖ ನೆನಪಾಯಿತು, ಆ ಕತ್ತು ಯಾರಿಂದ ಹಾಗಾಯಿತೆಂಬುದು ನನಗೆ ಹೊಳೆದದ್ದು ಆವತ್ತೇ.

ಹಿಂದೆ ಬರುವ ಗಾಡಿ ಹೇಗೆ ನೋಡುತ್ತೀರಿ ಸಾರ್ ಎಂದೆ.

"ಬರೋನು ನೋಡ್ಕಂತಾನೆ ಬುಡಮ್ಮ," ಎಂದು ಸೈಕಲ್ಲು ಹತ್ತಿ ಹೊರಟರು.

ಬಂದವನು ನೋಡಲಿಲ್ಲ. ಮುಂದೊಂದು ದಿನ ಮಧುಗಿರಿಯಾಚೆ, ಪಾವಗಡದ ರಸ್ತೆಯಲ್ಲಿ, ಬೆಳಗಿನ ಎಳೆಬಿಸಿಲಿನಲ್ಲಿ, ಟೀ ಕುಡಿದು ಸೈಕಲ್ಲಿನಲ್ಲಿ ಮರಳುತ್ತಿದ್ದ ಮೇಷ್ಟ್ರಿಗೆ ಟೊಮ್ಯಾಟೊ ತುಂಬಿದ ಪಿಕಪ್ ಗಾಡಿಯೊಂದು ಹಿಂದಿನಿಂದ ಬಂದು ಗುದ್ದಿತು. ಎದುರಿಗೆ ಒಂದು ಗಾಡಿಯೂ ಇರಲಿಲ್ಲವಂತೆ. ಓಡಿಸುತ್ತಿದ್ದ ಹುಡುಗ ಮೊಬೈಲಿಗೆ ಬಂದ ಮೆಸೇಜು ಓದುತ್ತಿದ್ದನಂತೆ. ಪದ್ಮ ಫೋನಿನಲ್ಲಿ ಇಷ್ಟನ್ನು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ನಾನು ಹೋಗುವ ಹೊತ್ತಿಗೆ ಮನೆಯ ಮುಂದೆ ಮಲಗಿಸಿದ್ದರು. ಪಟ್ಟಿ ತೆಗೆದಿದ್ದರು. ಕತ್ತು ನೆಟ್ಟಗಿತ್ತು, ಮುಖ ಮೇಲಕ್ಕಿತ್ತು. ಯಾವ ಕಡೆಗೂ ತಿರುಗದ ಆ ಮುಖವನ್ನು ನನಗೆ ಬಹಳ ಹೊತ್ತು ನೋಡಲಾಗಲಿಲ್ಲ. ಅಂಗಳದ ತುಂಬ ಅವರ ಸಾಲಿನ ಹೆಣ್ಣುಮಕ್ಕಳು, ಕೆಲವರ ಕಂಕುಳಲ್ಲಿ ಕೂಸುಗಳು.

ಹನ್ನೊಂದನೆಯ ದಿನ ಆ ಹುಡುಗನನ್ನು ಅವನ ಅಪ್ಪ ಕರೆದುಕೊಂಡು ಬಂದಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಬಾಗಿಲ ಬಳಿ ತಲೆ ತಗ್ಗಿಸಿ ನಿಂತು, ಕಾಣಲಿಲ್ಲಮ್ಮ ಎಂದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತ್ತು, ಪದ್ಮ ನನ್ನ ಕೈ ಹಿಡಿದುಕೊಂಡಳು. ಮೇಷ್ಟ್ರ ಹೆಂಡತಿ ಎದ್ದು ಅವನ ಎದುರಿಗೆ ಹೋಗಿ ನಿಂತರು.

"ತಲೆ ಎತ್ತಪ್ಪ. ನನ್ನ ಕಣ್ಣು ನೋಡು."

ಅವನು ಎತ್ತಲಾರದೆ ಎತ್ತಿದ. ಅವರು ಅವನನ್ನೇ ನೋಡುತ್ತಾ ನಿಂತರು. ಅವನೇ ಕುಸಿದು ಕೂತು ಅಳತೊಡಗಿದ ಮೇಲೆ ಒಳಗೆ ಹೋದರು. ಅವರು ಅವನನ್ನು ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ಕ್ಷಮಿಸಿಲ್ಲ.

ಈಗ ನಾನೂ ಒಂದು ಹಳೇ ಕಾರು ಓಡಿಸುತ್ತೇನೆ. ಮೊಬೈಲು ಹಿಂದಿನ ಸೀಟಿನ ಬ್ಯಾಗಿನಲ್ಲಿ ಬಿದ್ದಿರುತ್ತದೆ, ಎಷ್ಟು ಬಡಿದುಕೊಂಡರೂ ತೆಗೆಯುವುದಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಯೂನಿಫಾರ್ಮಿನ ಹುಡುಗಿಯರು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿರುತ್ತಾರೆ. ಅವರ ಸಾಲಿನ ಕೊನೆಯಲ್ಲಿ ಯಾರೂ ಇರುವುದಿಲ್ಲ. ನಾನು ವೇಗ ತಗ್ಗಿಸಿ ಅವರ ಹಿಂದೆಯೇ ನಿಧಾನಕ್ಕೆ ಹೋಗುತ್ತೇನೆ. ನನ್ನ ಹಿಂದಿನ ಬಸ್ಸಿನವನು ಹಾರನ್ನು ಬಾರಿಸಿ ಬಾರಿಸಿ ಬೈಯುತ್ತಾನೆ. ಬೈದುಕೊಳ್ಳಲಿ. ಒಬ್ಬೊಬ್ಬಳೂ ಶಾಲೆಯ ಗೇಟಿನೊಳಗೆ ತಿರುಗುವವರೆಗೆ, ಅವರಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದರೂ, ಮುಚ್ಚಿದ ಗಾಜಿನ ಒಳಗಿನಿಂದಲೇ ಹೇಳುತ್ತಿರುತ್ತೇನೆ.

"ವೆನಕ ನೇನುನ್ನಾ, ಪದಮ್ಮಾ."