ಅಪ್ಪಾಸಾಹೇಬರ ವಿರುದ್ಧ ನಾನು ಬರೆದ ಕಾಗದ

ಅಪ್ಪಾಸಾಹೇಬ ಮುಗಳಖೋಡ ತೀರಿಕೊಂಡ ಮೂರನೆಯ ದಿನ ನಮ್ಮ ಡೊಂಬಿವಲಿಯ ಕನ್ನಡ ಸಂಘದ ಅಧ್ಯಕ್ಷ ಪುಂಡರೀಕಾಕ್ಷ ರಾಯರು ನನಗೆ ಫೋನ್ ಮಾಡಿದರು. ಅದು ೨೦೧೬ರ ಫೆಬ್ರವರಿ.

"ಶಂಭು, ಬರುವ ಆದಿತ್ಯವಾರ ಶ್ರದ್ಧಾಂಜಲಿ ಸಭೆ. ಅವರ ಜೀವನದ ಬಗ್ಗೆ ನೀವೇ ಮಾತಾಡಬೇಕು. ಹದಿಮೂರು ವರ್ಷದಿಂದ ಕಾರ್ಯದರ್ಶಿ ಆಗಿದ್ದೀರಿ, ಅವರ ವಿಷಯ ನಿಮ್ಮಷ್ಟು ಗೊತ್ತಿದ್ದವರು ಯಾರುಂಟು ಮಾರಾಯ್ರೆ?"

ಆಯಿತು ಎಂದೆ. ಆಗುವುದಿಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಆ ಕಾರಣವನ್ನು ಏಳು ವರ್ಷಗಳಿಂದ ಹೆಂಡತಿ ಪುಷ್ಪಾವತಿಗೂ ಹೇಳಿರಲಿಲ್ಲ.

ಅಪ್ಪಾಸಾಹೇಬರು ಬೆಳಗಾವಿ ಜಿಲ್ಲೆಯ ರಾಯಬಾಗದ ಕಡೆಯವರು. ಏಳನೆಯ ಇಯತ್ತೆ ಮುಗಿಸಿ, ಹತ್ತೊಂಬತ್ತು ತುಂಬುತ್ತಲೇ ಸೈನ್ಯಕ್ಕೆ ಭರ್ತಿಯಾದವರು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದರು. ಒಂದು ತುಕಡಿಯಿಂದ ಇನ್ನೊಂದಕ್ಕೆ ಟೆಲಿಫೋನ್ ತಂತಿ ಎಳೆಯುವುದು, ಶೆಲ್ ಬಿದ್ದು ತುಂಡಾದಲ್ಲಿ ತೆವಳಿಕೊಂಡು ಹೋಗಿ ಜೋಡಿಸುವುದು ಅವರ ಕೆಲಸ. ಯಾರಾದರೂ ಒತ್ತಾಯ ಮಾಡಿದರೆ, "ನಾ ಗುಂಡು ಹಾರಿಸಿದ್ದು ಕಡಿಮಿ ರೀ, ವಾಯರ್ ಎಳದದ್ದ ಹೆಚ್ಚು" ಎಂದು ಅಷ್ಟಕ್ಕೇ ಮುಗಿಸಿಬಿಡುತ್ತಿದ್ದರು.

ಸೈನ್ಯ ಬಿಟ್ಟು ಥಾಣೆಗೆ ಬಂದು ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆದರು. ಎಪ್ಪತ್ತೊಂಬತ್ತರಲ್ಲಿ ಮುಂಬ್ರಾದ ಹತ್ತಿರ ತುಂಬಿದ ಲೋಕಲ್ ರೈಲಿನ ಬಾಗಿಲಿನಿಂದ ಜಾರಿ ಬಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು. ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಪಾಲಿಟೆಕ್ನಿಕ್‌ನ ಮಾಸ್ತರರೊಬ್ಬರು ಹೊತ್ತು ಹೋಗದೆ, ಔಷಧದ ಚೀಟಿಗಳ ಹಿಂಬದಿಯಲ್ಲಿ ಗೆರೆ ಎಳೆದು ಇವರಿಗೆ ಡ್ರಾಯಿಂಗ್ ಓದುವುದನ್ನು ಕಲಿಸಿದರು. ಯಂತ್ರದ ನಕ್ಷೆ ನೋಡಿ, ಸಾಗಾಟದಲ್ಲಿ ಅದು ಅಲುಗಾಡದಂತೆ ಕೂರಬಲ್ಲ ಮರದ ಪೆಟ್ಟಿಗೆಯನ್ನು ಮಾಡುವ ಧಂದೆ ಶುರುವಾದದ್ದು ಅಲ್ಲಿಂದ. ಮೊದಲು ಕಳವಾ ಎಂಬಲ್ಲಿ ಒಂದು ತಗಡಿನ ಶೆಡ್, ಆಮೇಲೆ ಮಹಾಪೆಯಲ್ಲಿ ಅರವತ್ತು ಜನ ದುಡಿಯುವ ಕಾರ್ಖಾನೆ. ಮನೆ ಘಣಸೋಲಿಯಲ್ಲಿ. ಮಕ್ಕಳಿರಲಿಲ್ಲ. ತಿಂಗಳ ಮೊದಲ ಆದಿತ್ಯವಾರ ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬಂದು, ಸಂಘದ ಹಾಲ್‌ನ ಕೊನೆಯ ಸಾಲಿನಲ್ಲಿ ಕೃತಕ ಕಾಲನ್ನು ಮುಂದಕ್ಕೆ ಚಾಚಿ ಕೂರುತ್ತಿದ್ದರು.

ಇದೆಲ್ಲ ನನಗೆ ಈಗ ಗೊತ್ತು. ೨೦೦೮ರಲ್ಲಿ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಆ ವರ್ಷದ ಆಗಸ್ಟ್ ಹದಿನೈದಕ್ಕೆ ಅವರೇ ಮುಖ್ಯ ಅತಿಥಿ. ಪರಿಚಯ ನನ್ನ ಪಾಲಿಗೆ ಬಂತು. ಅವರು ಕುಂಟುವುದನ್ನು ನೋಡಿದ್ದೆ, ಸೈನ್ಯದಲ್ಲಿದ್ದರೆಂದು ಕೇಳಿದ್ದೆ. ಎರಡನ್ನೂ ನಾನೇ ಜೋಡಿಸಿ, ಸ್ವರ ಏರಿಸಿ, "ದೇಶಕ್ಕಾಗಿ ರಣರಂಗದಲ್ಲಿ ತನ್ನ ಕಾಲನ್ನೇ ಅರ್ಪಿಸಿದ ವೀರಯೋಧ" ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ನನ್ನ ಮಾತಿನ ಬಗ್ಗೆ ಹೆಮ್ಮೆಯಾಯಿತು.

ಅಪ್ಪಾಸಾಹೇಬರು ಮೈಕಿನ ಮುಂದೆ ಬಂದು ಚಪ್ಪಾಳೆ ನಿಲ್ಲುವವರೆಗೆ ಕಾದರು. "ಕ್ಷಮಾ ಮಾಡ್ರಿ. ಈ ಕಾಲು ಲಡಾಯಿದಾಗ ಹೋದದ್ದಲ್ಲ. ಮುಂಬ್ರಾದ ಹಂತ್ಯಾಕ ಲೋಕಲ್‌ನಿಂದ ಬಿದ್ದು ಹೋದದ್ದು. ಲಡಾಯಿದಾಗ ನನ್ನ ಜೋಡಿ ತಂತಿ ಎಳೀತಿದ್ದ ಇಬ್ಬರು ಅಲ್ಲೇ ಸತ್ತರು. ನನಗೇನೂ ಆಗಲಿಲ್ಲ. ಅವರಿಗೆ ಸಲ್ಲೋ ಚಪ್ಪಾಳಿ ನಾ ತಗೋಬಾರದು."

ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಹಾಲ್ ತುಂಬ ಹರಡಿತು. ಜನ ನಕ್ಕದ್ದು ನನ್ನನ್ನು ನೋಡಿ. ಚಹಾದ ಹೊತ್ತಿಗೆ ಒಬ್ಬರು, "ಎಂತ ಶಂಭು, ಮುಂಬ್ರಾ ಯಾವ ಗಡಿಯಲ್ಲಿ ಬರ್ತದೆ?" ಎಂದು ಕೇಳಿದರು. ಆ ಪ್ರಶ್ನೆ ತಿಂಗಳುಗಟ್ಟಲೆ ನನ್ನ ಬೆನ್ನು ಬಿಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ, ಮದುವೆಯ ಊಟದಲ್ಲಿ, ಗಣೇಶನ ಪೆಂಡಾಲಿನಲ್ಲಿ ಅದೇ.

ಅಪ್ಪಾಸಾಹೇಬರು ಮರುದಿನವೇ ಫೋನ್ ಮಾಡಿ, "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ, ನಾ ಮೊದಲ ನಿಮಗ ಹೇಳಬೇಕಿತ್ತು" ಎಂದಿದ್ದರು. ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಸಿಕ್ಕಿದವರ ಮುಂದೆ, "ಕಾಲಿನ ಕಥೆಯೇ ಹೀಗಾದರೆ ಯುದ್ಧದ ಕಥೆ ಎಷ್ಟು ನಿಜವೋ" ಎನ್ನತೊಡಗಿದೆ. ಕಾಲಿನ ಕಥೆ ಕಟ್ಟಿದವನು ನಾನೇ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಮರುವರ್ಷ ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯಕ್ಕೆ ಅವರು ವಾಚನಾಲಯ ಕಟ್ಟಿಸಿಕೊಡುವ ಸುದ್ದಿ ಬಂತು. ಅವರ ಷರತ್ತುಗಳು ಎರಡು: ನೌಕರಿ ಮಾಡುತ್ತ ಓದುವವರಿಗಾಗಿ ಅದು ರಾತ್ರಿ ಹತ್ತರವರೆಗೆ ತೆರೆದಿರಬೇಕು, ಒಳಗೆ ಹೋಗಲು ಮೆಟ್ಟಿಲು ಇರಬಾರದು. ವಿಶ್ವವಿದ್ಯಾಲಯದವರು ತಾವಾಗಿಯೇ 'ವೀರಯೋಧ ಅಪ್ಪಾಸಾಹೇಬ ಮುಗಳಖೋಡ ವಾಚನಾಲಯ' ಎಂದು ಹೆಸರು ಗೊತ್ತುಮಾಡಿದ್ದರು. ಆ 'ವೀರಯೋಧ' ಎಂಬ ಶಬ್ದವನ್ನು ನನಗೆ ಸಹಿಸಲಾಗಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಊಟ ಮುಗಿಸಿ, ಕುಲಸಚಿವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಈ ವ್ಯಕ್ತಿ ಸೈನಿಕನೇ ಅಲ್ಲವೆಂದು ಸಮಾಜದಲ್ಲಿ ಮಾತಿದೆ, ರೈಲು ಅಪಘಾತದ ಗಾಯ ತೋರಿಸಿ ಗೌರವ ಗಿಟ್ಟಿಸುತ್ತಿದ್ದಾರೆ, ಹೆಸರಿಡುವ ಮೊದಲು ದಾಖಲೆ ಕೇಳಿ. ಕೆಳಗೆ 'ಒಬ್ಬ ಹಿತೈಷಿ'. ಡೊಂಬಿವಲಿಯ ಅಂಚೆ ಮುದ್ರೆ ಬೀಳಬಾರದೆಂದು ಕಲ್ಯಾಣದವರೆಗೆ ಹೋಗಿ ಸ್ಟೇಷನ್ ಹೊರಗಿನ ಅಂಚೆ ಡಬ್ಬಿಗೆ ಹಾಕಿದೆ.

೨೦೧೦ರ ಜೂನ್‌ನಲ್ಲಿ ವಾಚನಾಲಯ ತೆರೆಯಿತು. ಬಾಗಿಲ ಮೇಲೆ 'ವಾಚನಾಲಯ' ಎಂದಷ್ಟೇ ಇತ್ತು. ಸಮಾರಂಭವಿಲ್ಲ, ಶಾಲು ಇಲ್ಲ. ಸುದ್ದಿ ಕೇಳಿದ ದಿನ ನಾನು ಹೊಟ್ಟೆ ತುಂಬ ಉಂಡೆ.

ಎರಡು ವರ್ಷ ಕಳೆದು ಒಂದು ಆದಿತ್ಯವಾರ ಅಪ್ಪಾಸಾಹೇಬರೇ ನನ್ನ ಬಳಿ ಬಂದರು. "ನಿಮ್ಮ ಮಗಳು ದಿಶಾ ನೌಕರಿ ಮಾಡಿಕೋತ ಎಂ.ಕಾಂ. ಓದ್ತಾಳಂತ? ಒಂದ ಖೋಲಿ ಮನ್ಯಾಗ ಹೆಂಗ ಓದ್ತಾಳ್ರಿ? ವಾಚನಾಲಯಕ್ಕ ಕಳಿಸ್ರಿ, ನಾ ಹೇಳಿರ್ತೀನಿ." ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಮಗಳು ಎರಡು ವರ್ಷ ಆಫೀಸು ಬಿಟ್ಟು ನೇರ ಅಲ್ಲಿಗೆ ಹೋಗಿ ಓದಿದಳು. ಅವರನ್ನು ಮರಾಠಿಯಲ್ಲಿ 'ಆಜೋಬಾ' ಎಂದು ಕರೆಯುತ್ತಿದ್ದಳು, ಅಜ್ಜ ಎಂದು. ಪಾಸಾದಾಗ ಪೇಡೆ ಕೊಟ್ಟು ಕಾಲಿಗೆ ಬಿದ್ದು ಬಂದಳು.

ಭಾಷಣಕ್ಕೆ ವಿವರ ಬೇಕೆಂಬ ನೆಪದಲ್ಲಿ ನಾನು ಘಣಸೋಲಿಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಸುಶೀಲಾಬಾಯಿ. ಕೂರಿಸಿದರು, ಚಹಾ ಕೊಟ್ಟರು. ನಾನು ಕಾಗದ ಪೆನ್ನು ತೆಗೆದು, "ಅಮ್ಮಾ, ಅವರ ಸೈನ್ಯದ ದಿನಗಳ ಬಗ್ಗೆ ಏನಾದರೂ..." ಎಂದೆ. ಅವರು ಒಳಗಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದು ಮುಂದಿಟ್ಟರು. ಮೇಲೆ ಸೈನ್ಯದ ಡಿಸ್ಚಾರ್ಜ್ ಪುಸ್ತಕ. ಭರ್ತಿಯಾದ ತಾರೀಖು, ಯುದ್ಧಕ್ಕೆ ಹೋದದ್ದು, ಪದಕಗಳು, ನಡತೆ 'ಉತ್ತಮ', ಎಲ್ಲ ಇತ್ತು. ಅದರಡಿಯಲ್ಲಿ ನನ್ನ ಕಾಗದ. ಜೊತೆಗೆ ಪಿನ್ನು ಹಾಕಿ ಜೋಡಿಸಿದ್ದ, ಸಂಘದ ಆಮಂತ್ರಣದ ಒಂದು ಲಕೋಟೆ. ಅದರ ಮೇಲಿನ ಇಂಗ್ಲಿಷ್ ವಿಳಾಸವೂ ನನ್ನ ಕೈಬರಹವೇ.

ನಾನು ಪೆನ್ನು ಮುಚ್ಚಿ ಜೇಬಿಗೆ ಹಾಕಿದೆ.

"ವಿದ್ಯಾಪೀಠದವರು ಕರದು ತೋರಿಸಿ ಇದನ್ನ ಕೊಟ್ಟು ಕಳಿಸಿದ್ರು," ಎಂದರು ಸುಶೀಲಾಬಾಯಿ. "ಇವರು ಮನಿಗೆ ಬಂದು, ಇದು ಶಂಭು ಅವರ ಅಕ್ಷರ ಅಂದ್ರು. ಎರಡು ದಿನ ಸರಿಯಾಗಿ ಉಣಲಿಲ್ಲ. ಈ ಪುಸ್ತಕ ಒಯ್ದು ವಿದ್ಯಾಪೀಠದವರ ಮುಂದ ಒಗದು ಬರ್ರಿ ಅಂದೆ ನಾ. ಓದಾಕ ಜಾಗ ಕೊಡಾಕತ್ತೀನಿ, ಅದಕ್ಕ ಲಡಾಯಿ ಪುರಾವೆ ಯಾಕ ತೋರಸಲಿ ಅಂದ್ರು. ಹೆಸರ ಬ್ಯಾಡ ಅಂತ ಬರದು ಕೊಟ್ಟು ಬಂದ್ರು."

"ಮತ್ತೆ ನನ್ನ ಮಗಳನ್ನು..."

"ಅದಕ್ಕೂ ನಾ ಜಗಳಾಡೀನಿ. ಆ ಹುಡುಗಿ ಏನ್ ಮಾಡ್ಯಾಳ ಅಂದ್ರು."

ನಾನು ಅತ್ತುಬಿಟ್ಟೆ. ಅವರು ಅಳಬೇಡಿ ಎನ್ನಲಿಲ್ಲ. ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋಗಿ ತೊಳೆದಿಟ್ಟು ಬಂದರು. ಸಭೆಯಲ್ಲಿ ಇದನ್ನು ಹೇಳಲೇ ಎಂದು ಕೇಳಿದೆ. "ಅದನ್ನ ನನಗ ಕೇಳಬ್ಯಾಡ್ರಿ" ಎಂದರು.

ಶುಕ್ರವಾರ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋಗಿ, ಹೆಸರು ಬರೆದು ಸಹಿ ಮಾಡಿದ ತಪ್ಪೊಪ್ಪಿಗೆ ಕೊಟ್ಟೆ. ಈಗಲಾದರೂ ಅವರ ಹೆಸರಿಡಿ ಎಂದು ಬೇಡಿಕೊಂಡೆ. ಕುಲಸಚಿವರು ಹೊಸಬರು. ಹಳೆಯ ಕಡತ ತರಿಸಿ ನೋಡಿ, "ದಾನಿಗಳೇ ಬೇಡವೆಂದು ಬರೆದಿದ್ದಾರೆ. ಈಗ ಬದಲಿಸಲು ಅವರೇ ಇಲ್ಲ," ಎಂದರು. ನನ್ನ ಕಾಗದವನ್ನು ಕಡತಕ್ಕೆ ಸೇರಿಸಿದರು. ವಾಚನಾಲಯಕ್ಕೆ ಇಂದಿಗೂ ಯಾರ ಹೆಸರೂ ಇಲ್ಲ.

ಶನಿವಾರ ಮನೆಯಲ್ಲಿ ಹೇಳಿದೆ. ಪುಷ್ಪಾವತಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ದಿಶಾ ಹಿಂದಿಯಲ್ಲಿ, "ಔರ್ ಮೈ ವಹಾಂ ದೋ ಸಾಲ್ ಬೈಠೀ, ಪಪ್ಪಾ?" ಎಂದಳು. ನಾನು ಅಲ್ಲಿ ಎರಡು ವರ್ಷ ಕೂತೆನಲ್ಲ, ಎಂದು. ಆಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ.

ಆದಿತ್ಯವಾರ ಹಾಲ್ ತುಂಬಿತ್ತು. ಅವರ ಜೀವನವನ್ನು ಹೇಳಿದೆ, ಈ ಸಲ ಎಲ್ಲವನ್ನೂ ವಿಚಾರಿಸಿ ತಿಳಿದುಕೊಂಡು. ನನ್ನ ಕಾಗದದ ವಿಷಯಕ್ಕೆ ಬಂದಾಗ ಪುಂಡರೀಕಾಕ್ಷ ರಾಯರು ನನ್ನ ಅಂಗಿಯ ತೋಳು ಜಗ್ಗಿದರು. ನಾನು ನಿಲ್ಲಿಸಲಿಲ್ಲ. ಮುಗಿದಾಗ ಒಂದಿಬ್ಬರು ಎದ್ದು ಹೋದರು. ಕಾರ್ಯದರ್ಶಿ ಹುದ್ದೆಗೆ ಅಲ್ಲೇ ರಾಜೀನಾಮೆ ಕೊಟ್ಟೆ. "ಸತ್ತವರ ಸಭೆಯಲ್ಲಿ ಇದೆಲ್ಲ ಹೇಳಬೇಕಿತ್ತಾ ಮಾರಾಯ್ರೆ?" ಎಂದರು ರಾಯರು. ಅಪ್ಪಾಸಾಹೇಬರು ಬದುಕಿದ್ದಾಗಲೇ ಹೇಳಬೇಕಿತ್ತು ಎಂದು ನನಗೆ ಗೊತ್ತಿತ್ತು.

ಸುಶೀಲಾಬಾಯಿ ತಂಗಿಯ ಮಗಳು ಶಿವಾನಿಯ ಜೊತೆ ಬಂದಿದ್ದರು. ಸಭೆ ಮುಗಿದು ಅವರು ಕೆಳಗಿಳಿದಾಗ ನಾನು ಓಡಿಹೋಗಿ ಸ್ಟೇಷನ್ನಿಗೆಂದು ರಿಕ್ಷಾ ನಿಲ್ಲಿಸಿದೆ. ಅವರು ರಿಕ್ಷಾವನ್ನೂ ನನ್ನನ್ನೂ ನೋಡಿದರು.

"ನಾವು ನಡದ ಹೋಗ್ತೀವ್ರಿ" ಎಂದು ಶಿವಾನಿಯ ಕೈ ಹಿಡಿದು ಹೊರಟರು.

ರಿಕ್ಷಾದವನು ಎಲ್ಲಿಗೆ ಎಂದು ಕೇಳುತ್ತಲೇ ಇದ್ದ. ಅವನನ್ನು ಕಳಿಸಿಬಿಟ್ಟು, ಅವರು ಜನರ ಗರ್ದಿಯಲ್ಲಿ ಮರೆಯಾಗುವವರೆಗೆ ರಸ್ತೆಯ ಬದಿಯಲ್ಲೇ ನಿಂತಿದ್ದೆ.