ಉಡಿಯಕ್ಕಿಯೂ ನನ್ನ ಕರ್ತವ್ಯವಾದವೂ

ಹೋದ ಸೋಮವಾರ ಸಂಜೆ ನಾನು ಕರ್ತವ್ಯವಾದಿಯಾದೆ. ಬುಧವಾರ ಮಧ್ಯಾಹ್ನ ಕುರುಗೋಡಿನಲ್ಲಿ ಆ ಪದವಿ ಹೋಯಿತು. ಇಷ್ಟು ಬೇಗ ಕುರ್ಚಿ ಕಳೆದುಕೊಂಡವರು ನಮ್ಮ ಮುನಿಸಿಪಾಲಿಟಿಯಲ್ಲೂ ಇರಲಿಕ್ಕಿಲ್ಲ.

ಪದವಿ ಕೊಟ್ಟವರು ಶೇಷಗಿರಿರಾಯರು. ನಮ್ಮ ಓಣಿಯವರೇ, ಕಾಲೇಜಿನಲ್ಲಿ ಫಿಲಾಸಫಿ ಲೆಕ್ಚರರ್. ಯಾರನ್ನೇ ಆಗಲಿ ಎದುರಿಗೆ ಕೂರಿಸಿಕೊಂಡು ಒಂದಿಷ್ಟು ಪ್ರಶ್ನೆ ಕೇಳಿದರೆ ಸಾಕು, ಅವನ ನೀತಿ ಯಾವ ಸಿದ್ಧಾಂತದ್ದು ಎಂದು ಹೇಳಿಬಿಡಬಹುದು ಎಂಬುದು ಅವರ ಹೊಸ ಹುಚ್ಚು. ಓಣಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಹಿಡಿದು ಮುಗಿಸಿ, ಸೋಮವಾರ ನಮ್ಮ ಮನೆಗೆ ಬಂದರು.

ಬಾವಿಗೆ ಇಬ್ಬರು ಬಿದ್ದಿದ್ದಾರೆ, ಹಗ್ಗ ಒಂದೇ ಇದೆ ಎಂದರು. ಒಬ್ಬ ಊರಿಗೆ ಉಪಕಾರಿಯಾದ ಡಾಕ್ಟರು, ಇನ್ನೊಬ್ಬ ನಿಮ್ಮ ಭಾವಮೈದುನ. ಹಗ್ಗ ಯಾರಿಗೆ? ನಾನು ಭಾವಮೈದುನನಿಗೆ ಎಂದೆ. (ನಮ್ಮಾಕೆ ಒಳಗೆ ಕಾಫಿ ಸೋಸುತ್ತಿದ್ದಳು. ಬೇರೆ ಏನು ಹೇಳಲಿ?) ಬಡವರಿಗೆ ಒಳ್ಳೆಯದಾಗುವುದಾದರೆ ಒಂದು ಸುಳ್ಳು ಹೇಳುತ್ತೀರಾ? ಎಂದಿಗೂ ಇಲ್ಲ ಎಂದೆ. ಕಾಫಿ ಲೋಟ ಕೈಯಲ್ಲಿದ್ದಾಗ ಎಂಥವನೂ ಹರಿಶ್ಚಂದ್ರನೇ.

ರಾಯರು ಕಣ್ಣು ಮುಚ್ಚಿ ಕೂಡಿಸಿ ಕಳೆದು ತೀರ್ಪು ಕೊಟ್ಟರು. ನಾನು ನನ್ನ ಸುಖ ನೋಡಿಕೊಳ್ಳುವ ಜಾತಿಯಲ್ಲ. ಬಹುಜನರ ಸುಖಕ್ಕಾಗಿ ನಿಯಮ ಮುರಿಯುವ ಜಾತಿಯೂ ಅಲ್ಲ. ಆಕಾಶವೇ ಕಳಚಿ ಬಿದ್ದರೂ ಸುಳ್ಳಾಡದ ಅಪ್ಪಟ ಕರ್ತವ್ಯವಾದಿ.

ಅವರು ಹೋದ ಮೇಲೆ ಇದನ್ನು ನಮ್ಮಾಕೆಗೆ ಹೇಳಿದೆ. ಆಕೆ ಲೋಟ ತೊಳೆಯುತ್ತಲೇ, "ರೇಷನ್ ಅಂಗಡಿ ಮುಂದ ನಿಲ್ಲಾಕ ಬ್ಯಾಸರ ಮಾಡ್ಕೊಳ್ಳೋರಿಗೆ ಯಾವ ವಾದಿ ಅಂತಾರ, ರಾಯರನ್ನ ಕೇಳಿದ್ರೇನ್ರಿ?" ಎಂದಳು. ಮನೆಯವರಿಗೆ ನಮ್ಮ ಬೆಲೆ ಯಾವತ್ತು ಗೊತ್ತಾಗಿದೆ ಹೇಳಿ.

ಬುಧವಾರ ಸಿರುಗುಪ್ಪದ ಹೈಸ್ಕೂಲಿನಲ್ಲಿ ರಾಯರ ಭಾಷಣ. ವಿಷಯ ನೀತಿ. ಅಧ್ಯಕ್ಷತೆ ನನ್ನದು, ಅಂದರೆ ಹಾರ ಹಾಕಿಸಿಕೊಂಡು ಸುಮ್ಮನೆ ಕೂರುವ ಕೆಲಸ. ಭಾಷಣಕ್ಕಿಂತ ಊಟ ಚೆನ್ನಾಗಿತ್ತು. ಹೊಳೆ ಕಾಲುವೆಯ ಗದ್ದೆಯ ಅಕ್ಕಿ, ಮಲ್ಲಿಗೆಯಂಥ ಅನ್ನ. ಬಳ್ಳಾರಿಯ ರೇಷನ್ ಅಕ್ಕಿಯಲ್ಲಿ ಅಕ್ಕಿಯನ್ನೇ ಹುಡುಕಬೇಕಾದ ನಮಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ರಾಯರು ಬೇಡ ಬೇಡ ಎನ್ನುತ್ತಲೇ ಮತ್ತೆ ಮತ್ತೆ ಹಾಕಿಸಿಕೊಂಡರು. ಹೊರಡುವಾಗ ಅವರಿಗೆ ಜರಿಯಂಚಿನ ಉತ್ತರೀಯವನ್ನೂ ಹೊದಿಸಿದರು.

ಈಗಿನ ಕಾನೂನು ನಿಮಗೆ ಗೊತ್ತೇ ಇದೆ. ಸ್ವರಾಜ್ಯ ಬಂದರೂ ಕಂಟ್ರೋಲು ಹೋಗಿಲ್ಲ. ಸಿರುಗುಪ್ಪದ ಅಕ್ಕಿ ಬಳ್ಳಾರಿಗೆ ಬರಬೇಕಾದರೆ ಪರ್ಮಿಟ್ ಬೇಕು, ಇಲ್ಲದವರಿಗೆ ತಲೆಗೊಂದು ಸೇರು ಮಾಫಿ. ಉಡಿಯಕ್ಕಿಗೆ ಮಾತ್ರ ಅಳತೆಯಿಲ್ಲ. ಹಾಗೆಂದು ಸರ್ಕಾರ ಎಲ್ಲೂ ಬರೆದಿಲ್ಲ. ಆದರೆ ತವರಿನವರು ಮುತ್ತೈದೆಯ ಸೆರಗಿಗೆ ಹರಸಿ ತುಂಬಿದ ಅಕ್ಕಿ ಅದು. ನಡುದಾರಿಯಲ್ಲಿ ಅದನ್ನು ಬಿಚ್ಚಿಸಿ ಶಾಪ ಕಟ್ಟಿಕೊಳ್ಳಲು ಯಾವ ಇನ್ಸ್‌ಪೆಕ್ಟರಿಗೆ ಧೈರ್ಯವಿದೆ? ಹಾಗಾಗಿ ಈ ವರ್ಷ ಸಿರುಗುಪ್ಪದ ಕಡೆಯ ಅಣ್ಣಂದಿರಿಗೆಲ್ಲ ತಂಗಿಯರ ಮೇಲೆ ವಿಪರೀತ ಪ್ರೀತಿ ಹುಟ್ಟಿದೆ. ಬಸ್ಸಿನಲ್ಲಿ ಹೆಂಗಸರ ಉಡಿ ನೋಡಿದರೆ ತಿಳಿಯುತ್ತದೆ.

ನಮ್ಮದು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಅದಕ್ಕೆ ಉಸಿರು ಬರಲೆಂದು ಕಾಯುತ್ತ ನಿಂತಿದ್ದಾಗ, ಬೇವಿನ ಮರದ ಹಿಂದೆ ಒಬ್ಬ ಹೆಂಗಸು ಕಂಡಳು. ನಮಗೆ ಬೆನ್ನು ಹಾಕಿ, ತಲೆ ತುಂಬ ಸೆರಗು ಹೊದ್ದು, ಚೀಲದ ಅಕ್ಕಿಯನ್ನು ತಾನೇ ಉಡಿಗೆ ಸುರಿದುಕೊಳ್ಳುತ್ತಿದ್ದಳು. ಅಣ್ಣನೂ ಇಲ್ಲ, ಅತ್ತಿಗೆಯೂ ಇಲ್ಲ. ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು ಬಂದು ನಮ್ಮ ಮುಂದಿನ ಸೀಟಿನಲ್ಲೇ ಕೂತಳು.

ಕುರುಗೋಡಿನ ಗೇಟಿನಲ್ಲಿ ಸಪ್ಲೈ ಇನ್ಸ್‌ಪೆಕ್ಟರು ಹತ್ತಿದ. ಹೊಸಬ, ಇಸ್ತ್ರಿ ಮುರಿಯದ ಅಂಗಿ. ಮುತ್ತೈದೆಯರ ಉಡಿಗಳನ್ನೆಲ್ಲ ಕಣ್ಣಲ್ಲೇ ದಾಟಿ ಬಂದವನು ಈಕೆಯ ಹತ್ತಿರ ನಿಂತ. ಉಡಿ ಅಷ್ಟು ದೊಡ್ಡದಿತ್ತು. ಏನಿದು ಎಂದು ಕೇಳಿದ. ಆಕೆ ಸೆರಗಿನೊಳಗೇ ಎರಡೂ ಕೈಯಿಂದ ಉಡಿಯನ್ನು ಇನ್ನಷ್ಟು ಅವುಚಿಕೊಂಡಳು. ಸಿಕ್ಕಿಬಿದ್ದರೆ ಅಕ್ಕಿಯೂ ಹೋಯಿತು, ಮೇಲೆ ಕೇಸು, ಕಚೇರಿ ಅಲೆದಾಟ.

ಅವನು ನನ್ನ ಗುರುತು ಹಿಡಿದ. "ಸಾಹೇಬ್ರ, ನೀವು ಪೇಪರ್‌ದಾಗ ಬರಿಯೋರು, ಸುಳ್ಳು ಹೇಳಂಗಿಲ್ಲ. ಈಕಿ ಉಡಿ ತವರಮನಿಯವರು ತುಂಬಿದ್ದೇನ್ರಿ?"

(ಪೇಪರಿನವರ ಬಗ್ಗೆ ಇಂಥ ನಂಬಿಕೆ ಇಟ್ಟುಕೊಂಡ ಅಧಿಕಾರಿಯನ್ನು ನಾನು ಅವತ್ತೇ ಮೊದಲು ನೋಡಿದ್ದು.)

ರಾಯರು ನನ್ನ ಕಡೆ ತಿರುಗಿ ಕೂತರು. ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದೇ ಬಂದಿತ್ತಲ್ಲ. ಸೋಮವಾರ ನಾನು ಕೊಟ್ಟ ಉತ್ತರವೂ ಇಬ್ಬರಿಗೂ ನೆನಪಿತ್ತು.

"ಹೌದ್ರಿ, ತವರಮನಿಯವರು ಉಡಿ ತುಂಬಿದ್ದನ್ನ ನಾನಽ ನೋಡೀನಿ" ಎಂದುಬಿಟ್ಟೆ. ಅಷ್ಟಕ್ಕೆ ಬಿಟ್ಟೆನೇ? ಅಣ್ಣ ಬಸ್ಸಿನವರೆಗೆ ಬಂದಿದ್ದ, ಅತ್ತಿಗೆ ಕಣ್ಣೊರೆಸಿಕೊಂಡಳು ಎಂದು ಬಣ್ಣವನ್ನೂ ಕಟ್ಟಿದೆ.

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಾರಪ್ಪ ಈ ಪುಣ್ಯಾತ್ಮ ಎಂದು ಆಕೆಯೂ ಹಿಂದೆ ತಿರುಗಿ ನೋಡಿದಳು. ತಲೆಯ ಸೆರಗು ಜಾರಿತು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ.

ಗಂಡ ಸತ್ತವಳಿಗೆ ನಮ್ಮಲ್ಲಿ ಯಾರೂ ಉಡಿ ತುಂಬುವುದಿಲ್ಲ. ಇದು ಎಳೆ ಮಗುವಿಗೂ ಗೊತ್ತು. ಈಕೆ ಗಂಡ ಸತ್ತವಳೆಂದು ಬಸ್ಸಿನ ಹೆಂಗಸರಿಗೆಲ್ಲ ಗೊತ್ತಿತ್ತು, ಮುಖ ನೋಡದೆ ಸುಳ್ಳು ಹೇಳಿದ ನನಗೆ ಗೊತ್ತಿರಲಿಲ್ಲ. ನನ್ನ ಮಾನ ಹಾಗಿರಲಿ. ಕಾಪಾಡಲು ಹೋಗಿ, ಆಕೆಗೆ ಇಲ್ಲದ್ದು ಯಾವುದು ಎಂಬುದನ್ನು ಬಸ್ಸಿಗೆಲ್ಲ ಸಾರಿದ್ದೆ.

ಇನ್ಸ್‌ಪೆಕ್ಟರು ನನ್ನನ್ನು ಬೈಯಲಿಲ್ಲ. ತಲೆ ತಗ್ಗಿಸಿ, ಯಾರು ತುಂಬಿದರವ್ವಾ ಎಂದು ಆಕೆಯನ್ನೇ ಕೇಳಿದ.

"ನನಗ್ಯಾರು ತುಂಬ್ತಾರಪ್ಪಾ? ನಾನಽ ತುಂಬ್ಕೊಂಡೀನಿ. ತವರಿಗೆ ಕರ್ಕೊಂಡು ಬರೂದ್ರಾಗ ಮಗಳು ಬಳ್ಳಾರ್ಯಾಗಽ ಹಡದುಬಿಟ್ಲು. ಜೋಳದ ಗಂಜಿ ಆಕಿಗೆ ದಕ್ಕವಲ್ದು. ಬಿಟ್ರ ಬಿಡು, ಇಲ್ಲಾಂದ್ರ ತಗೋ."

ಆಕೆಯ ಹೆಸರು ಈರಮ್ಮ, ಕೆಂಚನಗುಡ್ಡದವಳು ಎಂದು ಆಮೇಲೆ ತಿಳಿಯಿತು. ಆಕೆಯನ್ನು ಯಾವ ಲೆಕ್ಚರರೂ ಪರೀಕ್ಷೆ ಮಾಡಿರಲಿಲ್ಲ. ಇನ್ಸ್‌ಪೆಕ್ಟರನ ಮುಖ ಸಣ್ಣದಾಯಿತು. ತಲೆಗೊಂದು ಸೇರು ಬಿಡಬಹುದು, ಉಳಿದದ್ದನ್ನು ಬಿಡಲು ಬರುವುದಿಲ್ಲ ಎಂದು ತೊದಲಿದ. ನಿಜವಾದ ಕರ್ತವ್ಯವಾದಿ ಅವನೇ. ನೋಡಲು ಸುಖವಾಗಿರಲಿಲ್ಲ.

ಆಗ ಡ್ರೈವರನ ಹಿಂದಿನ ಸೀಟಿನಿಂದ ಕಾಸಿನಗಲದ ಕುಂಕುಮದ ಒಬ್ಬ ದಪ್ಪ ಹೆಂಗಸು ಎದ್ದಳು. "ತಲಿಗೊಂದು ಸೇರು ಹೌದಿಲ್ಲೋ? ನನಗೂ ಒಂದು ತಲಿ ಐತಿ. ಹಾಕ ಬೇ ಇಲ್ಲೆ" ಎಂದು ಸೆರಗು ಒಡ್ಡಿದಳು. ಆಮೇಲೆ ಇನ್ನೊಬ್ಬಳು. ಡ್ರೈವರು ಟವೆಲ್ ಹಾಸಿದ. ನಾನು ಶಲ್ಯ ಹಾಸಿದೆ. ರಾಯರು ಸ್ವಲ್ಪ ಯೋಚಿಸಿ, ಜರಿಯ ಉತ್ತರೀಯವನ್ನು ಬಿಡಿಸಿದರು. ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತು ಹೊರಗೆ ಕುರುಗೋಡಿನ ಬೆಟ್ಟ ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಇಳಿದು ಹೋಗಿ ಗೇಟು ತೆಗೆಸಿದ.

ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ಈರಮ್ಮ ಖಾಲಿ ಚೀಲದ ಬಾಯಿ ತೆರೆದು ನಿಂತಳು. ದಪ್ಪ ಹೆಂಗಸು ಚೀಲವನ್ನು ಪಕ್ಕಕ್ಕೆ ಸರಿಸಿ, ಸೆರಗು ಹಿಡಿ ಎಂದಳು. ಈರಮ್ಮ ಹಿಂದೆ ಸರಿದಳು. ತನಗೆ ಹಾಗೆ ಮಾಡಬಾರದು, ನೋಡಿದವರು ಏನಂದಾರು ಎಂದಳು.

"ಪೇಪರಿನ ಸಾಹೇಬ್ರು ಉಡಿ ತುಂಬಿದ್ದು ನೋಡೀನಿ ಅಂತ ಹೇಳ್ಯಾರ," ಎಂದಳು ದಪ್ಪ ಹೆಂಗಸು. "ದೊಡ್ಡೋರ ಮಾತು ಸುಳ್ಳಾಗಬಾರ್ದು. ಹಿಡಿ."

ಈರಮ್ಮ ಸೆರಗು ಹಿಡಿದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಕುವ ಹಾಗೆಯೇ, ಒಬ್ಬೊಬ್ಬರೂ ಬೊಗಸೆ ಬೊಗಸೆಯಾಗಿ ಆಕೆಯ ಉಡಿಗೆ ಅಕ್ಕಿ ಹಾಕಿದರು. ಆಕೆ ಅಳುತ್ತಿದ್ದಳು. ನಾನೂ ಕಣ್ಣೊರೆಸಿಕೊಂಡೆ. (ಇದ್ದಿಲ ಹೊಗೆ ಎಂದು ಬರೆಯಬಹುದಿತ್ತು. ಈ ವಾರಕ್ಕೆ ಒಂದು ಸುಳ್ಳು ಸಾಕು.)

ಉತ್ತರೀಯದ ಪಾಲು ಎಲ್ಲಿ ಎಂದು ತಿರುಗಿ ನೋಡಿದರೆ ರಾಯರಿಲ್ಲ. ಅವರ ಜಟಕಾ ಆಗಲೇ ಮೂಲೆ ತಿರುಗಿತ್ತು.

ಮನೆಯಲ್ಲಿ ಎಲ್ಲ ಹೇಳಿದೆ. ನಮ್ಮಾಕೆ ಡಬ್ಬಿಯ ತಳ ಬಳಿದು ಒಂದು ಸೇರು ಅಕ್ಕಿ ಗಂಟು ಕಟ್ಟಿ, ರಾಯರ ಪಾಲು ಕೊಟ್ಟು ಬರ್ರಿ ಎಂದಳು. ಈರಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದ ಗುರುತು ಹಿಡಿದು, ಕಂಟೋನ್ಮೆಂಟಿನ ಹಿಂದಿನ ಓಣಿಯಲ್ಲಿ ಆಕೆಯ ಮಗಳ ಮನೆ ಹುಡುಕಿ ಹೋದೆ. ಬಾಣಂತಿ ಗೋಡೆಗೆ ಒರಗಿ ಅಕ್ಕಿಗಂಜಿ ಕುಡಿಯುತ್ತಿದ್ದಳು.

ಮರುದಿನ ಶೇಷಗಿರಿರಾಯರು ತಾವಾಗಿಯೇ ಬಂದರು. ರಾತ್ರಿಯೆಲ್ಲ ಯೋಚಿಸಿದರಂತೆ. ನಾನು ಕರ್ತವ್ಯವಾದಿಯಲ್ಲ, ಫಲ ನೋಡಿ ನಡೆಯುವ ಪರಿಣಾಮವಾದಿ ಎಂದು ತೀರ್ಪು ತಿದ್ದಿದರು. ಆಗಲಿ, ಆ ಅಕ್ಕಿ ಏನಾಯಿತು ಎಂದೆ. ಗಡಿಬಿಡಿಯಲ್ಲಿ ಮರೆತು ಮನೆಗೆ ಒಯ್ದರಂತೆ, ಹೆಂಡತಿ ಅನ್ನ ಮಾಡಿಬಿಟ್ಟಳಂತೆ, ಅನ್ನ ಉದುರುದುರಾಗಿ ಆಗಿತ್ತಂತೆ. ಹಾಗಾದರೆ ತಾವು ಯಾವ ವಾದಿ ಎಂದು ಕೇಳಿದೆ.

"ನಾನು ಪ್ರಶ್ನೆ ಕೇಳಾಂವ್ರೀ" ಎಂದರು.

ಸರಿ, ಅದೇ ಬಾವಿಯ ಪ್ರಶ್ನೆಯನ್ನು ಅವರು ನನಗೆ ಇನ್ನೊಂದು ಸಲ ಕೇಳಲಿ: ನೀರಿನಲ್ಲಿ ನಮ್ಮ ಭಾವಮೈದುನನ ಪಕ್ಕದಲ್ಲಿ ಈ ಸಲ ಶೇಷಗಿರಿರಾಯರೇ ಇದ್ದರೆ, ಹಗ್ಗ ಯಾರಿಗೆ? ನಮ್ಮಾಕೆ ಒಳಗೆ ಕಾಫಿ ಸೋಸದಿದ್ದರೂ ಈ ಸಲ ನನ್ನ ಉತ್ತರ ಬದಲಾಗುವುದಿಲ್ಲ.