ಅಕ್ಕೋರು ಬರೆಯದ ಪರೀಕ್ಷೆ

ಮೊನ್ನೆ ಮುಂಜಾನೆ ಮೊಮ್ಮಗಳ ಮೇಜು ಒರೆಸುವಾಗ ಪೆನ್ಸಿಲ್ ಕೆತ್ತಿದ ಸಿಪ್ಪೆ ಕೈಗೆ ಹತ್ತಿತು. ಯಾಕೋ ಮೂಸಿ ನೋಡಿದೆ. ಹಸಿ ಕಟ್ಟಿಗೆಯ ವಾಸನೆ, ಅದರೊಳಗೆ ಸ್ವಲ್ಪ ಸೀಸದ ವಾಸನೆ... ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಚಾಪೆಯ ಮೇಲೆ ಬಗ್ಗಿ ಕುಳಿತು ಸಣ್ಣ ಸಣ್ಣ ದುಂಡುಗಳಿಗೆ ಪೆನ್ಸಿಲಿನಿಂದ ಕಪ್ಪು ತುಂಬುತ್ತಿದ್ದ ಒಬ್ಬ ಹೆಂಗಸು ಕಣ್ಣ ಮುಂದೆ ಬಂದಳು.

ಮಕ್ಕಳೇ, ನಿಮ್ಮಲ್ಲೊಬ್ಬಳು ಈಗ ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅಜ್ಜಿಗೆ ಅದೆಲ್ಲಿ ತಿಳಿಯಬೇಕು ಎಂದು ನೀವು ನಗುತ್ತೀರಿ. ನಾನು ಬೀಡಿ ಎಂಬ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ಇಂಗ್ಲಿಷ್ ಬಾರದು, ನಿಜ. ಆದರೆ ಆ ಪರೀಕ್ಷೆ ಎಂಥದೆಂದು ನಿಮ್ಮಪ್ಪ ಹುಟ್ಟುವ ಮೊದಲೇ ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ಇದುವರೆಗೆ ಹೇಳಿಲ್ಲ. ಬಾಯಿಂದ ಹೇಳಲಾಗದ್ದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಲಗ್ನವಾಗಿ ಎರಡು ವರ್ಷ. ನಿಮ್ಮ ಅಜ್ಜ ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಗಾವಿಯ ಒಂದು ಹಳೆಯ ವಾಡೆಯಲ್ಲಿ, ನಾಲ್ಕಾರು ಸಂಸಾರಗಳ ವಠಾರದಲ್ಲಿ, ಎರಡು ಖೋಲಿಯ ಬಾಡಿಗೆ ಮನೆ ನಮ್ಮದು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಗುಮಾಸ್ತರು ಮಗಳೊಂದಿಗೆ ಇದ್ದರು. ಅವರನ್ನು ನಾನು ಕಾಕಾರು ಅನ್ನುತ್ತಿದ್ದೆ. ಮಗಳು ಖಾನಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಹಾಗಾಗಿ ಇಡೀ ವಾಡೆಗೆ ಅವರು ಅಕ್ಕೋರು. ಮುಂಜಾನೆಯ ರೈಲಿಗೆ ಖಾನಾಪುರಕ್ಕೆ ಹೋಗಿ ಸಂಜೆಯ ರೈಲಿಗೆ ತಿರುಗಿ ಬರುವರು. ನನಗಿಂತ ನಾಲ್ಕು ವರ್ಷ ದೊಡ್ಡವರಾದರೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು.

ಅಕ್ಕೋರಿಗೆ ಲಗ್ನವಾಗಿತ್ತು. ಎಂಟು ತಿಂಗಳು ಗಂಡನ ಮನೆಯಲ್ಲಿದ್ದು ತಿರುಗಿ ಬಂದಿದ್ದರು. ಅಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಯಾರಾದರೂ ಬಾಗಿಲ ಚಿಲಕ ಜೋರಾಗಿ ಅಲ್ಲಾಡಿಸಿದರೆ ಸಾಕು, ಅವರು ಬೆಚ್ಚಿ ಗೋಡೆಗೆ ಸರಿಯುತ್ತಿದ್ದರು. ಅಷ್ಟು ನಾನು ನೋಡಿದ್ದೆ. ಗಂಡನ ಮನೆಯವರು ಕಳಿಸಿಕೊಡಿ ಎಂದು ಎರಡು ಸಲ ಬಂದು ಹೋಗಿದ್ದರು. ಕಾಕಾರು ಕೆಟ್ಟವರಲ್ಲ, ಮಂದಿ ಮಾತಿಗೆ ಅಂಜುವವರು. ಕಡೆಗೆ ಒಂದು ಗಡುವು ಹಾಕಿದರು. ಪುಣೆಯ ದೊಡ್ಡ ಕಾಲೇಜಿನಲ್ಲಿ ಎಂ.ಬಿ.ಎ. ಸೀಟು ಸಿಕ್ಕರೆ, ಮಗಳು ಓದುತ್ತಾಳೆ ಎಂದು ಬೀಗರಿಗೆ ಮುಖ ಕೊಟ್ಟು ಹೇಳುತ್ತೇನೆ. ಈ ಸಲ ಆಗದಿದ್ದರೆ ಯುಗಾದಿಗೆ ಗಂಡನ ಮನೆಗೆ ಹೋಗಬೇಕು ಎಂದರು. ಗೋಡೆಗೆ ಗೋಡೆ ಹತ್ತಿದ ಮನೆಗಳು, ಆ ಮಾತು ನನಗೆ ಅಡುಗೆ ಮನೆಯಲ್ಲೇ ಕೇಳಿಸಿತು.

ಅಂದಿನಿಂದ ಅಕ್ಕೋರು ಓದಿದ್ದೇ ಓದಿದ್ದು. ಅಂಚೆಯಲ್ಲಿ ಪಾಠದ ಪುಸ್ತಕಗಳು ಬರುತ್ತಿದ್ದವು. ರೈಲಿನಲ್ಲಿ ಓದುವರು, ನಳದ ಪಾಳಿಗೆ ಕೊಡ ಇಟ್ಟು ಅಲ್ಲೇ ನಿಂತು ಓದುವರು. ಭಾನುವಾರ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಪರೀಕ್ಷೆಯ ಹಾಗೆಯೇ ಬರೆಯುವರು. ಆ ಪರೀಕ್ಷೆಯಲ್ಲಿ ಉತ್ತರ ಬರೆಯುವುದಿಲ್ಲ, ನಾಲ್ಕು ದುಂಡುಗಳಲ್ಲಿ ಒಂದನ್ನು ಪೆನ್ಸಿಲಿನಿಂದ ತುಂಬಬೇಕು. ಕಾಗದವನ್ನು ಯಂತ್ರ ಓದುತ್ತದೆ ಎಂದು ಅವರೇ ಹೇಳಿದ್ದರು. ಗಜರಿನ ಗಡಿಯಾರ, ಅಂದರೆ ಅಲಾರಾಂ ಗಡಿಯಾರ, ತೊಡೆಯ ಮೇಲಿಟ್ಟುಕೊಂಡು ವೇಳೆ ನೋಡುವುದು ನನ್ನ ಕೆಲಸ. ಮುಳ್ಳು ಬಂದು ನಿಂತಾಗ "ಆತ್ರಿ" ಅನ್ನಬೇಕು. ನನಗೋ ಅದನ್ನೂ ಗಟ್ಟಿಯಾಗಿ ಅನ್ನಲು ಸಂಕೋಚ. ಅವರು ಬರೆಯುವಾಗ ಹೇಗೆ ತಡೆಯುವುದೆಂದು ಸುಮ್ಮನಿರುತ್ತಿದ್ದೆ.

"ವೈನಿ, ವ್ಯಾಳೆ ಆಗಿ ಎಷ್ಟೊತ್ತಾತ್ರಿ?"

"ಈಗರೀ... ಎರಡು ಮಿನಿಟ ಆತು."

"ಎರಡು ಮಿನಿಟ ದಾನಾ ಮಾಡಿದ್ರೇನು? ಅಲ್ಲಿ ನಿಮ್ಮಂಥ ಧರ್ಮಾತ್ಮರು ಯಾರೂ ಇರೂದಿಲ್ರಿ! ಕಸಗೊಂಡ ಹೋಗ್ತಾರ ಹಾಳಿ."

ಒಂದು ಸಲ ಅವರಿಗೆ ಒಂದು ಲೆಕ್ಕ ಬಗೆಹರಿಯಲಿಲ್ಲ. ಐದು ಮಂದಿ ಒಂದು ದುಂಡು ಮೇಜಿನ ಸುತ್ತ ಕುಳಿತಿದ್ದಾರೆ. ವಕೀಲನ ಬಾಜು ಡಾಕ್ಟರ್ ಇಲ್ಲ, ಮಾಸ್ತರನ ಎಡಕ್ಕೆ ಸಾಹುಕಾರ ಇದ್ದಾನೆ, ಹೀಗೆ ಏನೋ. ಅವರು ಕನ್ನಡದಲ್ಲಿ ಹೇಳಿದರು. ನನ್ನ ಮುಂದೆ ಪಲ್ಯಕ್ಕೆಂದು ಬದನೆ, ಹೀರೆ ಮುಂತಾದ ಕಾಯಿಗಳಿದ್ದವು. ಒಬ್ಬೊಬ್ಬರಿಗೆ ಒಂದೊಂದರಂತೆ ಮೊರದ ಮೇಲೆ ಐದನ್ನು ದುಂಡಗೆ ಇಟ್ಟು ಅತ್ತ ಇತ್ತ ಸರಿಸಿ ನೋಡಿದೆ. ಕೂತಿತು. ಅಕ್ಕೋರು ಪುಸ್ತಕದ ಹಿಂದೆ ಉತ್ತರ ನೋಡಿ ಬಾಯಿ ತೆರೆದರು.

"ಖರೇ ಬಂತಲ್ರಿ ವೈನಿ! ವಕೀಲನ್ನ ಬದನಿಕಾಯಿ ಮಾಡೀರಿ, ಹೊಟ್ಟಿ ನೋಡಿ ಮಾಡಿದ್ರೇನು? ಈ ಪರೀಕ್ಷಾಕ್ಕ ನೀವು ಕುಂದರಬೇಕಾಗಿತ್ತು, ನಾನು ಗಡಿಯಾರ ಹಿಡೀಬೇಕಾಗಿತ್ತು."

ಅಷ್ಟು ದೊಡ್ಡ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಆ ದಿನ ಪಲ್ಯಕ್ಕೆ ಉಪ್ಪು ಹಾಕಲು ಮರೆತೆ...

ಪರೀಕ್ಷೆಗೆ ಕೂರಬೇಕಾದರೆ ಮೊದಲು ಅರ್ಜಿಯ ಫಾರ್ಮು ಕಳಿಸಬೇಕಿತ್ತು. ಅದೂ ದುಂಡು ತುಂಬುವಂಥದ್ದೇ. ಅದರ ಜೊತೆ ಅವರ ಹೆಡ್‌ಮಾಸ್ತರರು ಒಂದು ದಾಖಲೆ ಕೊಡಬೇಕಿತ್ತು; ಅವರು ಇಂದು ನಾಳೆ ಎನ್ನುತ್ತ ಬಹಳ ತಡ ಮಾಡಿದರು. ದಾಖಲೆ ಕೈಗೆ ಬಂದ ಮರುದಿನವೇ ಅಂಚೆಗೆ ಹಾಕಿದರೆ ಮಾತ್ರ ಕೊನೆಯ ದಿನದೊಳಗೆ ಮುಟ್ಟುವಂತಿತ್ತು. ಅವರ ರೈಲು ಹೋಗುವ ಹೊತ್ತಿಗೆ ಅಂಚೆ ಕಚೇರಿ ತೆರೆದಿರುವುದಿಲ್ಲ, ಸಾಲೆಯಲ್ಲಿ ಅಂದು ತಪಾಸಣೆ, ಕಾಕಾರು ಜ್ವರ ಬಂದು ಮಲಗಿದ್ದರು. ಮುಂಜಾನೆ ದೊಡ್ಡ ಲಕೋಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ವೈನಿ, ಇದನ್ನ ರಜಿಸ್ಟರ್ ಮಾಡಸ್ತೀರೇನ್ರಿ? ಬಾಯಿ ಅಂಟಿಸಿಲ್ಲ, ನಮ್ಮಲ್ಲಿ ಗೋಂದ ತೀರೇತಿ. ಎರಡು ಅನ್ನದ ಅಗಳು ಹಚ್ಚಿ ಬಿಡ್ರಿ."

ಒಬ್ಬಳೇ ಅಂಚೆ ಕಚೇರಿಗೆ ಹೋದವಳಲ್ಲ ನಾನು. ಆದರೂ ಹ್ಞೂಂ ಅಂದೆ. ಸ್ನಾನ, ಪೂಜೆ ಮುಗಿಸಿ, ಲಕೋಟೆ ಅಂಟಿಸುವ ಮೊದಲು ಫಾರ್ಮು ಹೊರಗೆ ತೆಗೆದೆ. ನಮ್ಮ ತೌರಿನಲ್ಲಿ ಯಾವುದೇ ಶುಭದ ಕಾಗದವನ್ನು ಬರೀ ಮೈಯಲ್ಲಿ ಹೊರಗೆ ಕಳಿಸುತ್ತಿರಲಿಲ್ಲ. ಲಗ್ನಪತ್ರಿಕೆಯಾಗಲಿ, ಹೊಲದ ಖರೀದಿ ಪತ್ರವಾಗಲಿ, ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ, ದೇವರ ಮುಂದೆ ಇಟ್ಟು ಕೈ ಮುಗಿದೇ ಕಳಿಸುವುದು. ಇದಕ್ಕಿಂತ ಶುಭದ ಕಾಗದ ನಾನು ಕೈಯಲ್ಲಿ ಹಿಡಿದಿರಲಿಲ್ಲ. ಆ ಫಾರ್ಮಿನ ನಾಲ್ಕೂ ಮೂಲೆಗೆ ಒಂದೊಂದು ಸಣ್ಣ ಕಪ್ಪು ಚೌಕವಿತ್ತು. ಇಲ್ಲಿ ಹಚ್ಚಿ ಎಂದು ಗುರುತು ಮಾಡಿಟ್ಟ ಹಾಗೆಯೇ ಕಂಡಿತು ನನಗೆ. ಅರಿಷಿಣ ಕಲಸಿ ಆ ನಾಲ್ಕೂ ಚೌಕ ಮುಚ್ಚುವಂತೆ ಹಚ್ಚಿದೆ, ನಡುವೆ ಕುಂಕುಮದ ಬೊಟ್ಟು ಇಟ್ಟೆ. ಮೇಲುಗಡೆ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಏನೋ ಅಚ್ಚಾಗಿತ್ತು. ಒಣಗುವವರೆಗೆ ಕಾದು, ಲಕೋಟೆಗೆ ಹಾಕಿ, ಅನ್ನದ ಅಗಳಿನಿಂದ ಅಂಟಿಸಿ, ಸೆರಗು ಹೊದ್ದು ನಡೆದೆ. ರಶೀದಿ ತಂದು ಸಂಜೆ ಅಕ್ಕೋರ ಕೈಗಿಟ್ಟಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಮೂರು ವಾರದ ಮೇಲೆ ಅದೇ ಫಾರ್ಮು ತಿರುಗಿ ಬಂತು. ಅಕ್ಕೋರು ನಳದ ಕಟ್ಟೆಯ ಹತ್ತಿರ ನಿಂತು ಲಕೋಟೆ ಒಡೆದರು. ಜೊತೆಗೊಂದು ಚೀಟಿ. ಅದನ್ನು ಓದಿದರು, ಫಾರ್ಮಿನ ಮೂಲೆಗಳನ್ನು ನೋಡಿದರು, ಮತ್ತೆ ಚೀಟಿ ಓದಿದರು.

"ವೈನಿ... ಇದನ್ನ ಯಾರು ಹಚ್ಚಿದ್ರಿ?"

"ನಾನರೀ. ಛಲೋ ಆಗ್ಲಿ ಅಂತ."

ಅವರು ಚೀಟಿ ಮಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. ಆ ಕಪ್ಪು ಚೌಕ ನೋಡಿಯೇ ಯಂತ್ರ ಕಾಗದ ಓದುತ್ತದಂತೆ. ಕಲೆಯಾದ ಫಾರ್ಮು ನಡೆಯುವುದಿಲ್ಲ ಎಂದೇ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತಂತೆ. ಕೊನೆಯ ದಿನ ಮುಗಿದು ಹೋಗಿತ್ತು. ನಾನು ಅವರ ಕೈಯಿಂದ ಫಾರ್ಮು ತೆಗೆದುಕೊಂಡು ಸೆರಗಿನಿಂದ ಆ ಮೂಲೆಗಳನ್ನು ಉಜ್ಜುತ್ತ ಅಳತೊಡಗಿದೆ.

"ಅಳಬ್ಯಾಡ್ರಿ. ನಾನರ ನಿಮಗ ಹೇಳಬೇಕಿತ್ತು, ಹೇಳಲಿಲ್ಲ. ಇಂಥಾದ್ದೂ ಹೇಳಬೇಕಾಗ್ತದಂತ ನನಗರ ಏನು ಗೊತ್ತಿತ್ರಿ?"

ನಿಮ್ಮ ಅಜ್ಜನಿಗೆ ಹೇಳಿದರೆ, "ಕಾಗದಕ್ಕ ಅರಿಷಿಣ ಹಚ್ಚಿದ್ರ ಏನಾಗ್ತೈತಿ? ಹುಚ್ಚ ಮಂದಿ ಅದಾರ ಅವರು" ಅಂದರು. ಅಕ್ಕೋರು ಕಾಲೇಜಿಗೆ ಒಂದು ಪತ್ರ ಬರೆದರು. ಉತ್ತರ ಬರಲಿಲ್ಲ. ತಂದೆಗೆ ಮಾತ್ರ ಫಾರ್ಮು ತಿರುಗಿ ಬಂತು ಎಂದಷ್ಟೇ ಹೇಳಿದರು, ನನ್ನ ಹೆಸರು ಎತ್ತಲಿಲ್ಲ. ತುಂಬುವಾಗ ಮಗಳೇ ಎಡವಿದಳು, ಹಣೆಬರಹವೇ ಹಾಗಿದೆ ಎಂದು ಕಾಕಾರು ತಿಳಿದರು. ಬೀಗರಿಗೆ ಕಾಗದ ಬರೆದರು.

ಖರೇ ಹೇಳಬೇಕಾದದ್ದು ಈಗ ಬಂತು. ಮಕ್ಕಳೇ, ಅರಿಷಿಣ ಹಚ್ಚಿದ್ದು ತಿಳಿಯದೆ. ಇದು ತಿಳಿದೂ.

ಯುಗಾದಿಗೆ ಎಂಟು ದಿನ ಇರುವಾಗ ನಾನು ಗಟ್ಟಿ ಮನಸ್ಸು ಮಾಡಿ ಪಕ್ಕದ ಮನೆಗೆ ಹೋದೆ. ಅಕ್ಕೋರು ಸಾಲೆಗೆ ಹೋಗಿದ್ದರು. ಕಾಕಾರು ಒಬ್ಬರೇ ಪೇಪರ್ ಓದುತ್ತ ಕುಳಿತಿದ್ದರು. ಹೇಳಬೇಕಾದ ಮಾತನ್ನು ಮುಂಜಾನೆಯಿಂದ ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದ್ದೆ. ಕಾಕಾರು ಕನ್ನಡಕ ಮೇಲಕ್ಕೆ ಸರಿಸಿ ನೋಡಿದರು.

"ಬಾ ತಂಗಿ, ಏನು ಬೇಕಾಗಿತ್ತು?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಗಂಡಸರ ಮುಂದೆ ಎದುರು ನಿಂತು ಮಾತಾಡಿ ಗೊತ್ತಿಲ್ಲ. ಬಾಯಿಪಾಠ ಮಾಡಿದ್ದರ ಮೊದಲ ಮಾತಿಗೇ ನಾಲಿಗೆ ತಡವರಿಸಿತು.

"ಏನಿಲ್ರಿ ಕಾಕಾರ... ಚೂರು ಹೆಪ್ಪು ಬೇಕಾಗಿತ್ರಿ."

ಅವರು ಎದ್ದು ಹೋಗಿ ಒಂದು ಬಟ್ಟಲಲ್ಲಿ ಮೊಸರು ತಂದು ಕೊಟ್ಟರು. ತೆಗೆದುಕೊಂಡು ಬಂದೆ. ನಮ್ಮ ಮನೆಯಲ್ಲಿ ಗಡಿಗೆ ತುಂಬ ಮೊಸರಿತ್ತು.

ಯುಗಾದಿಯ ಮುನ್ನಾದಿನ ಗಂಡನ ಮನೆಯವರು ಬಂದು ಕರೆದುಕೊಂಡು ಹೋದರು. ಓದಿದ ಪುಸ್ತಕಗಳನ್ನೆಲ್ಲ ಅಕ್ಕೋರು ಮೊದಲೇ ಸಾಲೆಗೆ ಕೊಟ್ಟು ಬಿಟ್ಟಿದ್ದರು.

ಎರಡು ಮೂರು ವರ್ಷದ ಮೇಲೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಒಮ್ಮೆ ಕಂಡರು. ನಿಮ್ಮಪ್ಪ ನನ್ನ ಸೊಂಟದ ಮೇಲಿದ್ದ. ಅವರು ಅತ್ತೆಯ ಹಿಂದೆ ತಲೆತುಂಬ ಸೆರಗು ಹೊದ್ದು ನಿಂತಿದ್ದರು. ಎಡಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿದಂತಿತ್ತು. ನನ್ನನ್ನು ನೋಡಿ ಮುಖ ಅರಳಿತು.

"ಆರಾಮದೀರೇನ್ರಿ ವೈನಿ? ಹುಡುಗ ಅಣ್ಣಾರ ಹಂಗ ಅದಾನ ನೋಡ್ರಿ."

"ಆರಾಮ್ರಿ ಅಕ್ಕೋರ. ನೀವು..."

"ಯಾರವರು?" ಎಂದು ಅತ್ತೆ ತಿರುಗಿ ನೋಡಿದಳು. "ಮೊದಲಿನ ಬಾಜು ಮನಿಯವರರಿ" ಎಂದರು ಅಕ್ಕೋರು. ಅಷ್ಟರಲ್ಲಿ ಅವರ ಬಸ್ಸು ಬಂತು. ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ, ಸುದ್ದಿಯೂ ಇಲ್ಲ.

ಕಾಕಾರು ತೀರಿಹೋಗಿ ಬಹಳ ವರ್ಷವಾಯಿತು. ವಾಡೆ ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ನಿಮ್ಮ ಅಜ್ಜನೂ ಇಲ್ಲ. ಅಂದು ಬಾಯಿಪಾಠ ಮಾಡಿದ ಮಾತು ಮಾತ್ರ ಒಂದಕ್ಷರವೂ ಮರೆತಿಲ್ಲ. "ಕಾಕಾರ, ತಪ್ಪು ನಂದರಿ, ಅಕ್ಕೋರದಲ್ಲ. ಅವರಿಗೆ ಇನ್ನೊಂದು ವರ್ಷ ಕೊಡ್ರಿ." ಇಷ್ಟೇ. ಕೇಳಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ತಿಳಿಯದು. ನೀವೆಲ್ಲ ಕೆಲಸಕ್ಕೆ, ಕಾಲೇಜಿಗೆ ಹೋದ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ ಇರುವಾಗ ಒಮ್ಮೊಮ್ಮೆ ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಈಗ ಒಂದು ಸಲವೂ ನಾಲಿಗೆ ತಡವರಿಸುವುದಿಲ್ಲ.